“ಮೀಟರ್‌ಗೆ ಏನೂ ಆಗಂಗಿಲ್ರಿ” ಅನ್ನೂದು ಮೊದಲ ಬಿಡ್ರಿ

ಬೆಳಗಾವ್ಯಾಗ ಕಾರಿಗೆ ಕಂಪನಿದಕ್ಕಿಂತ ದೊಡ್ಡ ಅಲಾಯ್ ವೀಲ್ ಮಾರೋ ಮಂದಿಗೆ ಒಂದ ಮಾತ ಬಾಯಿಪಾಠ ಆಗಿಬಿಟ್ಟೈತಿ: “ಒಂದ ಇಂಚ್ ಅಷ್ಟ ರೀ ಸರ, ಮೀಟರ್‌ಗೆ ಏನೂ ಆಗಂಗಿಲ್ಲ.” ನಾಕ ಚಕ್ರಕ್ಕ ಲಕ್ಷದ ಮಾತಾಡೋ ಮುಂದ ಎರಡ ನಿಮಿಷ ಲೆಕ್ಕಾ ಮಾಡಿ ತೋರಸಾಕ ಇವರಿಗೆ ಏನ ರೋಗಾ ಬಂದೈತಿ? ದುಡ್ಡ ಎಣಸೂದು ಬರತೈತಿ, ಟೈರ್ ಮ್ಯಾಲ ಬರದಿದ್ದ ಮೂರ ನಂಬರ್ ಓದೂದು ಬರಂಗಿಲ್ಲ.

ವೇಗ ತೋರಸೋ ಮೀಟರ್ ರಿಮ್ಮಿನ ಇಂಚ್ ನೋಡೂದಿಲ್ರಿ. ಚಕ್ರ ಎಷ್ಟ ಸುತ್ತ ತಿರುಗಿತು ಅನ್ನೂದನ್ನ ಸೆನ್ಸರ್ ಎಣಸತೈತಿ. ಒಂದ ಸುತ್ತಿಗೆ ಇಷ್ಟ ದೂರ ಅಂತ ಕಂಪನಿಯವರು ಮೊದಲ ಬರದ ಇಟ್ಟಿರತಾರ. ಅದಕ್ಕ ಲೆಕ್ಕಕ್ಕ ಬರೂದು ಟೈರ್ ಸಮೇತ ಚಕ್ರದ ಪೂರ್ತಿ ವ್ಯಾಸ. ಕಂಪನಿಯಿಂದ 225/45 ಆರ್17 ಬಂದ ಒಂದ ಸ್ಪೋರ್ಟ್ಸ್ ಕಾರ್ ತಗೋರಿ. 225 ಅಂದ್ರ ಟೈರಿನ ಅಗಲ, ಮಿ.ಮೀ.ದಾಗ. ಅದರ ಶೇ. 45 ಅಂದ್ರ 101.25 ಮಿ.ಮೀ. ಸೈಡ್‌ವಾಲ್ (ಟೈರಿನ ಬಾಜೂ ಗ್ವಾಡಿ), ಮ್ಯಾಲೊಂದು ಕೆಳಗೊಂದು ಸೇರಿ 202.5. ರಿಮ್ 17 ಇಂಚ್, ಅಂದ್ರ 431.8. ಒಟ್ಟ 634.3 ಮಿ.ಮೀ. ಈಗ 18ಕ್ಕ ಹೋಗಬೇಕಂದ್ರ 225/40 ಆರ್18 ಹಾಕ್ರಿ, 637.2 ಆಗತೈತಿ, ಫರಕ ಶೇ. ಅರ್ಧನೂ ಇಲ್ಲ. 235/40 ಆರ್18 ಹಾಕಿದ್ರ 645.2, ಶೇ. 1.7. ಇವೆರಡೂ ನಡೀತಾವ. ಆದ್ರ ಅಂಗಡ್ಯಾವ ಏನ ಮಾಡತಾನ? ಗೋಡಾನ್‌ದಾಗ 235/45 ಆರ್18 ಕುಂತಿರತಾವ. “ನಮ್ಮ ರೋಡಿಗೆ ಸೈಡ್‌ವಾಲ್ ದಪ್ಪ ಇದ್ರ ಚಲೋ ರೀ” ಅಂತ ಅವನ್ನ ತಂದ ಕಟ್ಟತಾನ. ಅವುಗಳ ವ್ಯಾಸ 668.7. ಶೇ. 5.4 ಹೆಚ್ಚ! “ಒಂದ ಇಂಚ್ ಅಷ್ಟ” ಅಂದಾವ ಹೇಳಬೇಕಾಗಿದ್ದ ನಂಬರ್ ಇದು.

ಇದರಿಂದ ಆಗೂದೇನು? ಚಕ್ರ ದೊಡ್ಡದಾದ್ರ ಒಂದ ಸುತ್ತಿಗೆ ಗಾಡಿ ಹೆಚ್ಚ ದೂರ ಹೋಗತೈತಿ, ಮೀಟರ್ ಹಳೇ ಲೆಕ್ಕದಾಗ ಇರತೈತಿ. ಅಂದ್ರ ತೋರಸೂದು ಕಡಿಮಿ, ಓಡೂದು ಹೆಚ್ಚ. ಕಂಪನಿ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚ ತೋರಸತೈತಿ, ಬೇಕಂತನ ಹಂಗ ಇಟ್ಟಿರತಾರ. ವಿಶ್ವಸಂಸ್ಥೆಯ ಆರ್39 ನಿಯಮದ ಪ್ರಕಾರ ಮೀಟರ್ ಖರೇ ವೇಗಕ್ಕಿಂತ ಕಡಿಮಿ ತೋರಸಾಕ ಬರಂಗನ ಇಲ್ಲ. ಹೆಚ್ಚ ತೋರಸಬಹುದು, ಅದೂ ಖರೇ ವೇಗದ ಶೇ. 10 ಮತ್ತ ಮ್ಯಾಲ 4 ಕಿ.ಮೀ. ತನಕ. ಖರೇ 100 ಇದ್ದಾಗ ಮುಳ್ಳ 114ರ ತನಕ ಇರಬಹುದು, 99 ಇರಂಗಿಲ್ಲ. ಈಗ ನೋಡ್ರಿ: ಮೀಟರ್ 100 ಅಂದಾಗ ಗಾಡಿ ಖರೇ 96ರಾಗ ಇತ್ತು ಅನ್ರಿ. ಶೇ. 5.4 ಸೇರಿಸಿದ್ರ 101. ಮೊದಲ 98ರಾಗ ಇದ್ದ ಗಾಡಿ ಆಗಿದ್ರ 103. ಎನ್‌ಎಚ್ 48ರ ಮ್ಯಾಲ ರಡಾರ್ ಗನ್ ಹಿಡಕೊಂಡ ನಿಂತ ಪೊಲೀಸಗ “ಸಾಹೇಬ್ರ, ಮೀಟರ್‌ದಾಗ ಲಿಮಿಟ್ ಒಳಗ ಇತ್ರಿ” ಅಂದ್ರ ನಕ್ಕ ಚಲನ್ ಹರೀತಾನ. ದಂಡ ಕಟ್ಟಾಂವ ಗಾಡಿ ಮಾಲಕ. ವೀಲ್ ಮಾರಿದಾಂವ ಮುಂದಿನ ಗಿರಾಕಿಗೆ ಅದ ಡೈಲಾಗ್ ಹೊಡೀತಿರತಾನ.

ಕಿಲೋಮೀಟರ್ ಲೆಕ್ಕಾನೂ ಹಂಗ ಕೆಡತೈತಿ. ಓಡೋಮೀಟರ್ 10,000 ತೋರಸೋ ಹೊತ್ತಿಗೆ ಗಾಡಿ 10,540 ಓಡಿರತೈತಿ. ಆಯಿಲ್ ಬದಲಿ ತಡಾ ಆಗತೈತಿ. “ದೊಡ್ಡ ಟೈರ್ ಹಾಕಿದ ಮ್ಯಾಲ ಮೈಲೇಜ್ ಬಿತ್ತು” ಅಂತ ಅಳಾವ್ರು ಅದಾರಲ್ಲ, ಅವರೂ ಮೊದಲ ಈ 5.4 ಕೂಡಿಸಿ ಲೆಕ್ಕ ಮಾಡ್ರಿ. ಬಿದ್ದದ್ದರಾಗ ಒಂದ ಪಾಲ ಬರೇ ಮೀಟರಿನ ತಪ್ಪ. ಉಳದದ್ದರಾಗ ತೂಕದ್ದೂ ಪಾಲ ಐತಿ. ಪಿಕಪ್ ಹೋಗೂದು ಮಾತ್ರ ಖರೇನ: ಚಕ್ರ ದೊಡ್ಡದಾದಷ್ಟ ಎಲ್ಲಾ ಗೇರ್ ಉದ್ದ ಆದಂಗ. ಸ್ಪೋರ್ಟ್ಸ್ ಕಾರ್ ತಗೊಂಡ ಅದರ ಜೀವಾನ ತಗದಂಗಲ್ಲೇನ್ರಿ ಇದು?

ಇದಕ್ಕಿಂತ ಸಿಟ್ಟ ಬರೂದು ಮುಂದ ಒಂದ, ಹಿಂದ ಒಂದ ಅಳತಿ ಹಾಕೋದ್ರಾಗ. ಮುಂದ 225/40 ಆರ್18, ಹಿಂದ 255/35 ಆರ್18 ಅಂದ್ರ 637.2 ಮತ್ತ 635.7, ಸರಿ ಐತಿ. ಹಿಂದ 255/40 ಹಾಕಿದ್ರ 661.2. ಶೇ. 3.8 ಫರಕ. ಎಬಿಎಸ್ (ಬ್ರೇಕ್ ಹೊಡದಾಗ ಚಕ್ರ ಜಾಮ್ ಆಗದಂಗ ನೋಡ್ಕೊಳ್ಳೋ ವ್ಯವಸ್ಥಾ) ನಾಕೂ ಚಕ್ರದ ವೇಗ ಹೋಲಿಸಿ ನೋಡತಿರತೈತಿ. ಅದಕ್ಕ ಹಿಂದಿನ ಚಕ್ರ ಯಾವಾಗಲೂ ನಿಧಾನ ತಿರಗಿದಂಗ ಕಾಣತೈತಿ, ಟ್ರ್ಯಾಕ್ಷನ್ ಕಂಟ್ರೋಲ್ ಲೈಟ್ ಹತ್ತತೈತಿ. ಆಲ್ ವೀಲ್ ಡ್ರೈವ್ ಇದ್ರ ಮುಂದಿನ ಹಿಂದಿನ ಚಕ್ರ ಜೋಡಸೋ ಕಪ್ಲಿಂಗ್ ಸುಟ್ಟ ಹೋಗೋ ಕೆಲಸ. ಅಂಗಡ್ಯಾವ ಅದಕ್ಕೂ “ಸೆನ್ಸರ್ ಕೆಟ್ಟೈತ್ರಿ” ಅಂತ ಇನ್ನೊಂದ ಬಿಲ್ ಮಾಡತಾನ!

ಕೂಡಸೋ ಕೆಲಸದ ಬಗ್ಗೆನೂ ಹೇಳಿಬಿಡತೀನಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳ ಹಬ್ (ಚಕ್ರ ಕೂಡೋ ನಡುವಿನ ಗುಂಡ ಭಾಗ) ಹೆಚ್ಚಾಗಿ 57.1 ಮಿ.ಮೀ. ಹೊರಗಿನ ಅಲಾಯ್‌ಗಳ ನಡುವಿನ ತೂತ ಬಹಳಷ್ಟ ಸಲ 73.1. ನಡುವ ರಿಂಗ್ ಇಲ್ದ ಬರೇ ಬೋಲ್ಟ್ ಮ್ಯಾಲ ಕೂಡಿಸಿದ್ರ ಚಕ್ರ ನಡುವಕ್ಕ ಕೂಡೂದಿಲ್ಲ, 80 ದಾಟಿದ ಕೂಡ್ಲೆ ಸ್ಟೇರಿಂಗ್ ನಡಗತೈತಿ, ಎಷ್ಟ ಬ್ಯಾಲೆನ್ಸಿಂಗ್ ಮಾಡಿದ್ರೂ ಹೋಗಂಗಿಲ್ಲ. ಉದ್ಯಮಬಾಗದಂಥ ಕಾರ್ಖಾನಿ ಏರಿಯಾ ಇರೋ ಊರಿದು, ಯಾವ ಲೇತ್‌ದಾಗರ ಅಲ್ಯುಮಿನಿಯಂ ರಿಂಗ್ ಕೊರಸಬಹುದು. ಅದನ್ನೂ ಮಾಡಂಗಿಲ್ಲ. ಈ ಗಾಡಿಗಳ ಕಂಪನಿ ಬೋಲ್ಟಿನ ತಲಿ ಗುಂಡಗ, ಹೊರಗಿನ ಅಲಾಯ್‌ದ ತೂತ ಬಹಳಷ್ಟ ಸಲ ಶಂಕುವಿನಂಗ. ಹಳೇ ಬೋಲ್ಟ ಹಾಕಿ ಗನ್ನಿನಿಂದ ಬರ್ ಬರ್ ಅಂತ ಬಿಗದ ಬಿಟ್ರ ಒಂದ ಗೆರಿ ಅಷ್ಟ ಮುಟ್ಟಿರತೈತಿ, ಓಡತಾ ಓಡತಾ ಸಡ್ಲ ಆಗತೈತಿ. ಶಂಕುವಿನ ತಲಿ ಬೋಲ್ಟ್ ಬೇಕು, ಕೈಲೆ ಏಳೆಂಟ ಸುತ್ತ ಒಳಗ ಹೋಗಬೇಕು, ಬಿಗಿ ಅಳಿಯೋ ಟಾರ್ಕ್ ರೆಂಚ್‌ಲೆ 120 ನ್ಯೂಟನ್ ಮೀಟರ್ ಬಿಗೀಬೇಕು, 50–100 ಕಿ.ಮೀ. ಓಡಿದ ಮ್ಯಾಲ ಮತ್ತೊಮ್ಮೆ. ಎಷ್ಟ ಅಂಗಡ್ಯಾಗ ಟಾರ್ಕ್ ರೆಂಚ್ ಐತಿ, ಹೋಗಿ ಕೇಳ್ರಿ.

ಆಫ್‌ಸೆಟ್ಟಂತೂ ಕೇಳಬ್ಯಾಡ್ರಿ. ರಿಮ್ಮಿನ ಅಗಲದ ನಟ್ಟನಡುವಿನಿಂದ ಹಬ್ಬಿಗೆ ಕೂಡೋ ಮುಖದ ತನಕ ಇರೋ ದೂರ ಅದು, ಮಿ.ಮೀ.ದಾಗ, ಇಟಿ ಅಂತ ಬರೀತಾರ. 17×7.5 (ರಿಮ್ಮಿನ ವ್ಯಾಸ, ಅಗಲ, ಇಂಚಿನಾಗ) ಇಟಿ45 ತಗದ 18×8 ಇಟಿ35 ಹಾಕಿದ್ರ ಚಕ್ರದ ಹೊರ ಅಂಚ 16 ಮಿ.ಮೀ. ಹೊರಗ ಬರತೈತಿ. ಒಬ್ರ ಕುಂತ ಓಡಸಿದಾಗ ಏನೂ ಅನಸಂಗಿಲ್ಲ. ಹಿಂದ ಇಬ್ರ ಕುಂತ, ಡಿಕ್ಕಿ ತುಂಬಿ ಚೋರ್ಲಾ ಘಾಟಿಗೆ ಹೊಂಟ್ರ ಒಂದೊಂದ ತಗ್ಗಿಗೂ ಟೈರ್ ಮಡ್‌ಗಾರ್ಡಿನ ಅಂಚಿಗೆ ಕೊಯ್ಯತೈತಿ.

ಹಾಕಿಸಿಕೊಂಡ ಕುಂತಾವ್ರು ಮೊದಲ ಅಳೀರಿ. ಗಾಳಿ ಸರಿಯಾಗಿ ತುಂಬಸಿ, ಮಟ್ಟಸ ಜಾಗಾದಾಗ ಗಾಡಿ ನಿಲ್ಲಸಿ. ಟೈರ್ ನೆಲಕ್ಕ ಮುಟ್ಟೋ ಜಾಗಾದಾಗ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರಿ ಹಾಕ್ರಿ. ಡ್ರೈವರ್ ಒಳಗ ಕುಂತಿರಲಿ. ಐದ ಸುತ್ತ ನೆಟ್ಟಗ ದಬ್ಬಿ ಮತ್ತ ಗೆರಿ ಹೊಡದ ಟೇಪಿನಿಂದ ಅಳದ ಐದರಿಂದ ಭಾಗಸ್ರಿ. 634.3 ವ್ಯಾಸಕ್ಕ ಕಾಗದದ ಲೆಕ್ಕದಾಗ 1,993 ಮಿ.ಮೀ. ಬರತೈತಿ, ಭಾರಕ್ಕ ಟೈರ್ ಕುಗ್ಗೂದ್ರಿಂದ ಖರೇ ಅಳತಿ ಶೇ. 2–3 ಕಡಿಮಿ ಇರತೈತಿ. ಅದಕ್ಕ ಹಳೇ ಚಕ್ರನೂ ಅಳದ ಅದಕ್ಕ ಹೋಲಸ್ರಿ, ಕಾಗದಕ್ಕ ಹೋಲಸಬ್ಯಾಡ್ರಿ. ಹಳೇದು ಸವದಿದ್ರ ಅದನ್ನೂ ನೆನಪ ಇಡ್ರಿ: 8 ಮಿ.ಮೀ. ಗೀರು 1.6ಕ್ಕ ಇಳಿಯೋದ್ರಾಗ ವ್ಯಾಸ ಸುಮಾರ ಶೇ. 2 ಕಡಿಮಿ ಆಗಿರತೈತಿ.

ಆಮ್ಯಾಲ ಹಿರೇಬಾಗೇವಾಡಿ ಟೋಲ್ ದಾಟಿ ಕಿತ್ತೂರ ಕಡೆ ಹೋಗ್ರಿ. ಬಾಜೂಕ ಕುಂತಾವ್ರ ಕೈಯಾಗ ಜಿಪಿಎಸ್ ಫೋನ್ ಇರಲಿ. ಕ್ರೂಸ್ ಕಂಟ್ರೋಲ್‌ದಾಗ 80ಕ್ಕ ಹಿಡದ, ಸಪಾಟ ರಸ್ತ್ಯಾಗ ಹತ್ತ ಸೆಕೆಂಡ್ ಸ್ಥಿರ ಆದ ಮ್ಯಾಲ ಓದ್ರಿ, ಏರು ಇಳಕಲದಾಗ ಬ್ಯಾಡ. ಕಿಲೋಮೀಟರ್ ಕಲ್ಲ ನೋಡಿ 10 ಕಿ.ಮೀ. ಟ್ರಿಪ್ ಮೀಟರ್‌ನೂ ತಾಳೆ ಹಾಕ್ರಿ. 9.5 ತೋರಿಸಿತೋ, ಅಂಗಡ್ಯಾವ ಸುಳ್ಳ ಹೇಳ್ಯಾನ.

ಕೆಲವ ಗಾಡ್ಯಾಗ ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಓದೋ ಜಾಗಾ) ಸ್ಕ್ಯಾನರ್ ಹಚ್ಚಿ ಟೈರಿನ ಸುತ್ತಳತಿ ಬದಲಸಾಕ ಬರತೈತಿ, ಅದೂ ಒಂದ ಮಿತಿಯೊಳಗ. ಅದ ಮೀಟರ್ ಸರಿ ಮಾಡೀತು. ಕೊಯ್ಯೋ ಟೈರ್, ಉದ್ದ ಆದ ಗೇರ್ ಹಂಗ ಉಳೀತಾವ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಹೇಳಿದ್ದಕ್ಕಿಂತ ಬ್ಯಾರೇ ಆಗುವಂಗ ಗಾಡಿ ಬದಲಿ ಮಾಡಿದ್ರ ಆ ಪ್ರಶ್ನೆನೂ ನಿಮ್ಮ ಕೊರಳಿಗೇ ಬರತೈತಿ, ವಿಮೆಯವರೂ ಅದನ್ನ ಹಿಡೀತಾರ.

ಅಂಗಡ್ಯಾವ್ರ ಕಡೆ ಒಂದ ಕೇಳ್ರಿ: ಬಿಲ್ಲಿನ ಮ್ಯಾಲ ಬರೇ “18 ಇಂಚ್ ಅಲಾಯ್ ಸೆಟ್ 1” ಅಂತ ಗೀಚಿ ಕೊಟ್ರ ತಗೋಬ್ಯಾಡ್ರಿ. ಟೈರಿನ ಪೂರ್ತಿ ಅಳತಿ, ಲೋಡ್ ಇಂಡೆಕ್ಸ್ (ಟೈರ್ ಎಷ್ಟ ತೂಕ ಹೊರತೈತಿ ಅನ್ನೋ ನಂಬರ್), ರಿಮ್ಮಿನ ಅಗಲ, ಇಟಿ, ಹಬ್ಬಿನ ತೂತ, ಹಳೇದಕ್ಕಿಂತ ವ್ಯಾಸ ಶೇ. ಎಷ್ಟ ಹೆಚ್ಚಾತು, ಎಲ್ಲಾ ಬರದ ಸಿಕ್ಕಾ ಹೊಡದ ಕೊಡಲಿ. ಬರಿಯಾಕ ಒಲ್ಲೆ ಅಂದ್ರ ಅಡ್ವಾನ್ಸ್ ವಾಪಸ್ ಇಸ್ಕೊಂಡ ಎದ್ದ ಬರ್ರಿ.