ಬಿಡಿ ಮಾವ

ಬ್ರೇಕ್ ಒತ್ತಿ ಬಿಟ್ಟ ಮೇಲೂ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಮೊದಲು ರಸ್ತೆಯನ್ನು ಬೈದೆ, ಆಮೇಲೆ ಟೈರನ್ನು. ಒಂದು ದಿನ ಮನೆ ಮುಂದೆ ನಿಲ್ಲಿಸಿ ಇಳಿದರೆ ಮುಂದಿನ ಬಲಚಕ್ರದಿಂದ ಸುಟ್ಟ ವಾಸನೆ, ಹತ್ತಿರ ಕೈ ಹಿಡಿದರೆ ಒಲೆ ಮುಂದೆ ನಿಂತ ಹಾಗೆ. ಬೈಯೋದಕ್ಕೆ ಇನ್ನು ಯಾರೂ ಉಳಿದಿರಲಿಲ್ಲ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟೆ. ಚಕ್ರ ಕೈಯಲ್ಲಿ ತಿರುಗಲೇ ಇಲ್ಲ. ಚಕ್ರವನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಹೋಯಿತು ಅಂತ ನನ್ನ ತೀರ್ಪು. ಆದರೆ ಅದರಿಂದ ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲ ಮಾಡಿದ್ದೇ ತಡ, ಆಯಿಲ್ ಚಿಮ್ಮಿ ನನ್ನ ಅಂಗಿಗೆ ಬಿತ್ತು, ಚಕ್ರ ಹಾಯಾಗಿ ತಿರುಗಿತು. ಪಾಪ, ಕ್ಯಾಲಿಪರ್ ನಿರಪರಾಧಿ. ಆಯಿಲ್ ಸಾಗಿಸುವ ರಬ್ಬರ್ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗೊಳಗೇ ಊದಿಕೊಂಡು ದಾರಿ ಮುಚ್ಚಿತ್ತು. ಒತ್ತಿದಾಗ ಆಯಿಲ್ ಜೋರಾಗಿ ನುಗ್ಗಿ ಹೋಗುತ್ತದೆ, ವಾಪಸ್ ಬರೋದಕ್ಕೆ ಮಾತ್ರ ಅದಕ್ಕೆ ಜೋರಿಲ್ಲ. ನೆಂಟರಿಗೆ ಕೊಟ್ಟ ಸಾಲದ ಹಾಗೆ.

ಒಂದು ಹೀಗಾದರೆ ಉಳಿದವು? ಎಲ್ಲವನ್ನೂ ಬಗ್ಗಿಸಿ ನೋಡಿದೆ. ಚಾಸಿಸ್‌ನಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಹೋಸ್ ಬಗ್ಗಿಸಿದ ಕಡೆಯೆಲ್ಲ ಬಿರುಕು, ಬೇಸಿಗೆಯ ಕೆರೆಯಂತೆ. ಸಾಲದ್ದಕ್ಕೆ ಹಿಂದಿನ ಮಾಲೀಕ ಗಾಡಿಯನ್ನು ಎರಡು ಇಂಚು ಎತ್ತರಿಸಿ, ಹೋಸ್ ಮಾತ್ರ ಹಳೇ ಅಳತೆಯದೇ ಬಿಟ್ಟಿದ್ದ. ಹಳ್ಳದಲ್ಲಿ ಚಕ್ರ ಜೋತು ಬಿದ್ದಾಗೆಲ್ಲ ಅದು ತಂತಿಯಂತೆ ಬಿಗಿಯುತ್ತಿತ್ತು. ನಾನು ಅಂಥ ಹಳ್ಳಗಳಲ್ಲಿ ಫೋಟೋ ತೆಗೆಸಿಕೊಂಡಿದ್ದೇನೆ, ನಗುನಗುತ್ತಾ. ಎಲ್ಲಕ್ಕೂ ಉದ್ದದ ಹೊಸ ಹೋಸ್‌ಗಳನ್ನೇ ತಂದೆ.

ಲೋಹದ ಪೈಪಿನ ನಟ್ ಬಿಚ್ಚೋದಕ್ಕೆ ಫ್ಲೇರ್ ನಟ್ ಸ್ಪ್ಯಾನರ್ ಅಂತಲೇ ಬೇರೆ ಇದೆ, ಅದು ಸುತ್ತಲೂ ತಬ್ಬಿ ಹಿಡಿಯುತ್ತದೆ. ನನ್ನ ಹತ್ತಿರ ಇದ್ದದ್ದು ಮಾಮೂಲಿ ಸ್ಪ್ಯಾನರ್. ಒಂದೇ ಎಳೆತಕ್ಕೆ ನಟ್‌ನ ಆರೂ ಮೂಲೆ ಹೋಗಿ ಗೋಲಿಯ ಹಾಗಾಯಿತು. ಆ ಒಂದು ನಟ್ ಇಡೀ ಮಧ್ಯಾಹ್ನ ತಿಂದಿತು. ಆಗ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯೋಕಾಗಲ್ಲ, ಯಾಕೆಂದರೆ ಅಷ್ಟರಲ್ಲಿ ಮಾವ ಬಂದು ಪಕ್ಕದಲ್ಲಿ ನಿಂತಿದ್ದರು.

ಮಾವ ಅಂದರೆ ಹೆಂಡತಿಯ ಅಪ್ಪ. ಸುಮ್ನೆ ಕೂರುವವರಲ್ಲ. ಬಂದವರೇ ಆಯಿಲ್ ಬಾಟಲಿಯನ್ನು ಎತ್ತಿ ಬಾನೆಟ್ ಮೇಲೆ ನೀಟಾಗಿ ಇಟ್ಟರು. ಬ್ರೇಕ್ ಆಯಿಲ್ ಅಂತ ಕರೆಯುತ್ತೇವೆ ಅಷ್ಟೇ, ಅದು ಎಣ್ಣೆಯೇ ಅಲ್ಲ. ನಮ್ಮದು ಡಾಟ್ 4 ಅನ್ನೋ ದರ್ಜೆಯದು, ಗ್ಲೈಕಾಲ್ ಅನ್ನೋ ರಾಸಾಯನಿಕದ ಜಾತಿ. ಗಾಳಿಯ ತೇವ ಹೀರುತ್ತದೆ, ಪೇಂಟ್ ತಿನ್ನುತ್ತದೆ. ಬಾಟಲಿ ತಳಕ್ಕೆ ಅಂಟಿದ್ದ ಆಯಿಲ್ ಪೇಂಟ್ ಮೇಲೆ ಇಳಿಯಿತು, ನಾನು ನೀರು ಹಾಕುವ ಹೊತ್ತಿಗೆ ತಡವಾಗಿತ್ತು. ಈಗ ಬಾನೆಟ್ ಮೇಲೆ ದುಂಡಗೆ ಒಂದು ಗುರುತಿದೆ. ಮಾವನಿಗೆ ಅದನ್ನು ಹಕ್ಕಿ ಮಾಡಿದ್ದು ಅಂತ ಹೇಳಿದ್ದೇನೆ.

ಹೊಸ ಹೋಸ್ ಕೂರಿಸಿ, ಹೊಸ ತಾಮ್ರದ ವಾಷರ್ ಹಾಕಿ ಬಿಗಿದದ್ದಾಯಿತು. ಇನ್ನು ಪೈಪಿನೊಳಗೆ ಸೇರಿಕೊಂಡ ಗಾಳಿ, ಅಂದರೆ ಏರ್ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಕೆಳಗೆ ನಿಪ್ಪಲ್ ತೆರೆದು, ಗುಳ್ಳೆ ಬಿಟ್ಟು, ಮುಚ್ಚಬೇಕು. ಮುಚ್ಚಿದ ಮೇಲೆಯೇ ಕಾಲು ಎತ್ತಬೇಕು. ಮಾವ ಹೆಮ್ಮೆಯಿಂದ ಡ್ರೈವರ್ ಸೀಟಿನಲ್ಲಿ ಕೂತರು.

"ಒತ್ತಿ ಮಾವ."

"ಒತ್ತಿದೆ. ಅಲ್ಲಪ್ಪಾ, ಈ ಗಾಡಿ ತಗೊಳ್ಳೋವಾಗ್ಲೇ ನಾನು ಬೇಡ ಅಂದಿದ್ದೆ, ಅಲ್ವಾ?"

ನಾನು ನಿಪ್ಪಲ್ ತೆರೆದು ಗುಳ್ಳೆ ನೋಡುತ್ತಿದ್ದೆ. ಯೋಚನೆ ಮಾಡದೆ ಅಂದುಬಿಟ್ಟೆ: "ಅದೆಲ್ಲ ಈಗ್ಯಾಕೆ, ಬಿಡಿ ಮಾವ."

ಮಾವ ಬಿಟ್ಟರು. ನಿಪ್ಪಲ್‌ಗೆ ಸಿಕ್ಕಿಸಿದ್ದ ಕೊಳವೆಯ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಬೇಕಿತ್ತು, ಅದು ಎದ್ದು ಗಾಳಿಯಲ್ಲಿ ಆಡುತ್ತಿತ್ತು. ಸುರ್ ಅಂತ ಗಾಳಿ ಒಳಗೆ ಹೋಯಿತು. ಅರ್ಧ ಗಂಟೆಯ ಕೆಲಸ ವಾಪಸ್ ಮೊದಲಿಗೆ ಬಂತು. ಮಾವನನ್ನು ಬೈಯುವ ಹಾಗೂ ಇಲ್ಲ, ಬಿಡಿ ಅಂದಿದ್ದು ನಾನೇ.

ಮಾವನೇ ಒಂದು ಉಪಾಯ ಹೇಳಿದರು. ಮಾತು ಬೇಡ, ನಂಬರ್ ಸಾಕು. ಒಂದು ಅಂದರೆ ಒತ್ತೋದು, ಎರಡು ಅಂದರೆ ಬಿಡೋದು. ನಿಜಕ್ಕೂ ಚೆನ್ನಾಗಿತ್ತು. ದೂರದ ಚಕ್ರದಿಂದ ಶುರು ಮಾಡಿ, ಮಧ್ಯೆ ಮಧ್ಯೆ ಬಾನೆಟ್ ಒಳಗಿನ ಬ್ರೇಕ್ ಡಬ್ಬಿಗೆ ಆಯಿಲ್ ತುಂಬುತ್ತಾ ಮೂರು ಚಕ್ರ ಮುಗಿಸಿದೆವು. ಕೊನೆಯದರಲ್ಲಿ ಮಾವನ ಕಾಲು ಸೋತಿತ್ತು.

"ಇನ್ನೆಷ್ಟು ಚಕ್ರ ಉಳಿದಿದೆಯಪ್ಪಾ?"

"ಒಂದು," ಅಂದೆ. ಈಗಾಗಲೇ ಒತ್ತಿದ್ದರಲ್ಲ, ಏನೂ ಆಗಲಿಲ್ಲ. ಬಚಾವ್ ಅಂದುಕೊಂಡೆ.

"ಎಷ್ಟು ಸಲ ಒತ್ತಬೇಕು?"

"ಇನ್ನೊಂದೆರಡು..."

ಸುರ್.

ಕತ್ತಲಾಗುವ ಹೊತ್ತಿಗೆ ಪೆಡಲ್ ಗಟ್ಟಿಯಾಯಿತು. ಕೊನೆಯ ಪರೀಕ್ಷೆ ಅಂತ ಮಾವನ ಕೈಯಲ್ಲಿ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಹೋಸ್ ಉದ್ದಕ್ಕೂ ಒಂದು ಬಿಳಿ ಗೆರೆ ಇರುತ್ತದೆ, ತಿರುಚಿಲ್ಲದಿದ್ದರೆ ಅದು ನೇರವಾಗಿರಬೇಕು. ನನ್ನ ಬಲಚಕ್ರದ ಹೋಸ್‌ನ ಗೆರೆ ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು. ಬಿಚ್ಚಲೇಬೇಕು.

ನಾನು ಏನೂ ಹೇಳಲಿಲ್ಲ, ಟಾರ್ಚ್ ಆರಿಸಿ ಸುಮ್ನೆ ನಿಂತೆ. ಮೇಲಿಂದ ಮಾವನ ದನಿ ಬಂತು.

"ಒಂದಾ, ಎರಡಾ?"