ಧಾರೆ ಮಂಟಪದಲ್ಲಿ, ದಾಖಲೆ ಕೌಂಟಿಯಲ್ಲಿ

ಟೆಕ್ಸಸ್‌ನಲ್ಲಿ ನಮ್ಮವರ ಮದುವೆ ಅಂದ್ರೆ ವರ್ಷದ ಮೊದಲೇ ಹಾಲ್ ಬುಕ್ ಆಗಿರುತ್ತದೆ. ಅಡುಗೆಯವರು, ಹೂವಿನವರು, ಫೋಟೋದವರು, ಬೆಂಗಳೂರಿಂದ ಬರುವ ಸೀರೆಗಳು, ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್. ಅದರಲ್ಲಿ ಮ್ಯಾರೇಜ್ ಲೈಸೆನ್ಸ್ (ಮದುವೆಗೆ ಮೊದಲೇ ಸರ್ಕಾರದಿಂದ ತಗೊಳ್ಳಬೇಕಾದ ಅನುಮತಿ ಪತ್ರ) ಅನ್ನೋ ಸಾಲು ಮಾತ್ರ ಎಲ್ಲೋ ತಳದಲ್ಲಿ, ಮೆಹಂದಿಯವರ ಕೆಳಗೆ. ಎಷ್ಟೋ ಸಲ ಅಲ್ಲೂ ಇರುವುದಿಲ್ಲ. ದೇವಸ್ಥಾನದ ಕೆಲಸಕ್ಕೆ ಓಡಾಡುವವಳು ನಾನು. ಹಾಗಾಗಿ ಈ ಫೋನ್ ನನಗೇ ಬರುತ್ತದೆ: "ಅಕ್ಕಾ, ಶುಕ್ರವಾರ ಲೈಸೆನ್ಸ್ ತಗೊಂಡು ಶನಿವಾರ ಧಾರೆ ಇಟ್ಕೊಂಡ್ರೆ ನಡೆಯಲ್ವಾ?"

ನಡೆಯಲ್ಲ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಕೈಗೆ ಬಂದ ಮೇಲೆ 72 ಗಂಟೆ ಕಾಯಬೇಕು. ಸೇನೆಯಲ್ಲಿ ಇರುವವರಿಗೆ ವಿನಾಯಿತಿ ಇದೆ. ಜಡ್ಜ್ ಹತ್ತಿರ ಹೋಗಿ ಕಾರಣ ಹೇಳಿ ಕೇಳಿಕೊಳ್ಳಲೂಬಹುದು. ಇಲ್ಲದಿದ್ದರೆ 'ಟುಗೆದರ್ ಇನ್ ಟೆಕ್ಸಸ್' ಅಂತ 8 ಗಂಟೆಯ ಒಂದು ಕ್ಲಾಸ್ ಇದೆ. ಅದನ್ನು ಮುಗಿಸಿದರೆ ಕಾಯುವ ಗೋಜಿಲ್ಲ, ಫೀಸಲ್ಲೂ 60 ಡಾಲರ್ ಕಡಿಮೆ. ಹಾಗಂತ ತುಂಬಾ ಮೊದಲೇ ಲೈಸೆನ್ಸ್ ತಂದಿಟ್ಟುಕೊಳ್ಳುವುದೂ ಆಗುವುದಿಲ್ಲ, 90 ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಪಂಚಾಂಗ ನೋಡಿ ಮುಹೂರ್ತ ಇಡುವಾಗಲೇ ಈ ಲೆಕ್ಕವನ್ನೂ ಹಾಕಿಬಿಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಯಾರು ಕೇಳ್ತಾರೆ!

ಲೈಸೆನ್ಸ್ ಕೊಡುವುದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಅದರ ಕ್ಲರ್ಕ್ ಆಫೀಸಿಗೆ ಹುಡುಗ ಹುಡುಗಿ ಇಬ್ಬರೂ ಖುದ್ದಾಗಿ ಹೋಗಬೇಕು. ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಅರ್ಜಿಯಲ್ಲಿ ಬರೆದಿದ್ದೆಲ್ಲ ನಿಜ ಅಂತ ಕ್ಲರ್ಕ್ ಮುಂದೆ ಪ್ರಮಾಣ ಮಾಡಬೇಕು. ಆ ಅರ್ಜಿಯಲ್ಲಿರುವ ಒಂದು ಪ್ರಶ್ನೆಯನ್ನು ನಮ್ಮವರು ನಿಧಾನವಾಗಿ ಓದಬೇಕು. ನೀವಿಬ್ಬರೂ ಸಂಬಂಧಿಕರಾ? ಅಣ್ಣ ತಂಗಿಯಾ, ಮಾವ ಸೊಸೆಯಾ, ಅಪ್ಪನ ಅಥವಾ ಅಮ್ಮನ ಒಡಹುಟ್ಟಿದವರ ಮಕ್ಕಳಾ? ಒಂದೊಂದನ್ನೂ ಬಿಡಿಸಿ ಕೇಳಿರುತ್ತಾರೆ. 2005ರಲ್ಲಿ ಟೆಕ್ಸಸ್ ಕಾನೂನು ತಿದ್ದುಪಡಿಯಾಗಿ ಅತ್ತೆ ಮಗ, ಮಾವನ ಮಗಳ ಮದುವೆಗೂ ಬಾಗಿಲು ಮುಚ್ಚಿತು. ನಮ್ಮಜ್ಜಿ ಮದುವೆಯಾಗಿದ್ದು ಸೋದರಮಾವನನ್ನೇ. ಊರಲ್ಲಿ ಅದು ಅತ್ಯಂತ ಸರಿಯಾದ ಸಂಬಂಧ. ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಕಣ್ಣೆದುರಿಗೇ ಇರ್ತಾಳೆ ಅನ್ನುತ್ತಿದ್ದರು. ಹಿಂದೂ ವಿವಾಹ ಕಾಯಿದೆಯೂ ರೂಢಿ ಇದ್ದ ಕಡೆ ಅದನ್ನು ಒಪ್ಪುತ್ತದೆ. ಇಲ್ಲಿ ಅಂಥವರಿಗೆ ಕ್ಲರ್ಕ್ ಲೈಸೆನ್ಸ್ ಕೊಡುವ ಹಾಗೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸೋದರಮಾವನ ಜೊತೆ ಆಗದು, ಆದರೆ ಅತ್ತೆ ಮಗನ ಜೊತೆ ಆಗುತ್ತದೆ. ಗಡಿ ದಾಟಿದರೆ ಸಂಬಂಧದ ಲೆಕ್ಕವೇ ಬದಲು.

ಇನ್ನು ಮದುವೆ ದಿನ. ನಾನು ನೋಡಿದ ಒಳ್ಳೆಯ ಪುರೋಹಿತರು ಕಾಶಿಯಾತ್ರೆಗೆ ಛತ್ರಿ ಹಿಡಿಸುವ ಮೊದಲೇ "ಲೈಸೆನ್ಸ್ ಎಲ್ಲಿ?" ಅಂತ ಕೇಳಿಬಿಡುತ್ತಾರೆ. ಸಪ್ತಪದಿ ಮುಗಿದ ಮೇಲೆ ಅರಿಸಿನದ ಕೈಯನ್ನು ಟಿಶ್ಯೂಗೆ ಒರೆಸಿಕೊಂಡು, ಪಂಚೆಯ ಗಂಟಿನಿಂದ ಓದುವ ಕನ್ನಡಕ ತೆಗೆದು, ತಾರೀಖು, ಜಾಗ ಬರೆದು ಸೈನ್ ಹಾಕುತ್ತಾರೆ. ಟೆಕ್ಸಸ್‌ನಲ್ಲಿ ಸಾಕ್ಷಿಗಳ ಸಹಿ ಬೇಕಿಲ್ಲ. ಇದು ಗೊತ್ತಿಲ್ಲದೆ ದೊಡ್ಡಪ್ಪ, ಚಿಕ್ಕಪ್ಪ ಪೆನ್ನು ಹಿಡಿದು ಸಾಲಾಗಿ ನಿಂತಿರುತ್ತಾರೆ, ಪಾಪ. ಸೈನ್ ಆದ ಲೈಸೆನ್ಸ್ 30 ದಿನದೊಳಗೆ ಅದನ್ನು ಕೊಟ್ಟ ಕೌಂಟಿಗೇ ವಾಪಸ್ ಹೋಗಬೇಕು. ಎಡವಟ್ಟು ಆಗುವುದು ಇಲ್ಲೇ. ಉಡುಗೊರೆ ಕವರ್‌ಗಳ ಚೀಲದಲ್ಲಿ ಅದೂ ಸೇರಿಕೊಳ್ಳುತ್ತದೆ. ಹುಡುಗ ಹುಡುಗಿ ಹನಿಮೂನಿಗೆ, ಚೀಲ ಅತ್ತೆ ಮನೆಗೆ. ಹಾಗಾಗಿ ಅದನ್ನು ತಲುಪಿಸುವ ಕೆಲಸಕ್ಕೆ ಒಬ್ಬರ ಹೆಸರು ಮೊದಲೇ ಗೊತ್ತು ಮಾಡಿ. ಹುಡುಗಿಯ ತಮ್ಮ ಈ ಕೆಲಸಕ್ಕೆ ಸರಿಯಾದ ಮನುಷ್ಯ, ಹೇಗೂ ಅವನು ಬೇರೆ ಏನೂ ಮಾಡಿರುವುದಿಲ್ಲ.

ವರ್ಷಗಳಾದ ಮೇಲೆ ಇನ್ನೊಂದು ಫೋನ್: "ಅಕ್ಕಾ, ಸರ್ಟಿಫಿಕೇಟ್ ಕಳೆದುಹೋಗಿದೆ, ಅಮೆರಿಕ ಸರ್ಕಾರದ ವೆಬ್‌ಸೈಟ್ ಯಾವುದು?" ಅಂಥದ್ದೊಂದು ಇಲ್ಲವೇ ಇಲ್ಲ. ಈ ದೇಶಕ್ಕೆಲ್ಲ ಸೇರಿ ಮದುವೆಗಳ ಒಂದು ರಿಜಿಸ್ಟರ್ ಇಲ್ಲ. ಟೆಕ್ಸಸ್ ರಾಜ್ಯದ ಆಫೀಸಿನಲ್ಲಿ 1966ರಿಂದ ಈಚೆಗಿನ ಮದುವೆಗಳ ಪಟ್ಟಿ ಇದೆ, ಸರಿ. ಆದರೆ ಅವರು ಕೊಡುವುದು ಇಂಥವರ ಮದುವೆ ದಾಖಲಾಗಿದೆ ಅನ್ನುವ ಪತ್ರ ಅಷ್ಟೇ. ಸರ್ಟಿಫೈಡ್ ಕಾಪಿ ಬೇಕು ಅಂದರೆ ಲೈಸೆನ್ಸ್ ಕೊಟ್ಟ ಕೌಂಟಿಗೇ ಹೋಗಬೇಕು. ಟೆಕ್ಸಸ್‌ನಲ್ಲಿ 254 ಕೌಂಟಿ. ನೀವು ಈಗ ಸಿಯಾಟಲ್‌ನಲ್ಲಿ ಮನೆ ಮಾಡಿರಬಹುದು, ಮದುವೆ ನಡೆದ ಹಾಲ್ ಪಕ್ಕದ ಕೌಂಟಿಯಲ್ಲಿ ಇದ್ದಿರಬಹುದು, ಅದ್ಯಾವುದೂ ಲೆಕ್ಕಕ್ಕಿಲ್ಲ.

ಇದೆಂಥಾ ಹಳೇ ಕಾಲದ ವ್ಯವಸ್ಥೆ ಅಂತ ಗೊಣಗುವವರೇ ಜಾಸ್ತಿ. ನನಗೆ ಮಾತ್ರ ಈ ಕೌಂಟಿ ಪುಸ್ತಕಗಳ ಮೇಲೆ ಒಂದು ಥರದ ಗೌರವ, ಒಂದು ಥರದ ಭಯ ಎರಡೂ ಇದೆ. ಕಾರಣ ನಮ್ಮ ದೇಶದವರದ್ದೇ ಒಂದು ಕಥೆ.

ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡು ಇಂಪೀರಿಯಲ್ ಕೌಂಟಿ ಇದೆ. ಎಲ್ ಸೆಂಟ್ರೋ ಅದರ ಮುಖ್ಯ ಊರು. ನೂರು ವರ್ಷದ ಹಿಂದೆ ಅಲ್ಲಿ ಹತ್ತಿ ಬೆಳೆಯುತ್ತಿದ್ದವರಲ್ಲಿ ಪಂಜಾಬಿನಿಂದ ಬಂದ ಗಂಡಸರೂ ಇದ್ದರು. 1917ರ ವಲಸೆ ಕಾಯಿದೆ ಬಂದ ಮೇಲೆ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯೂ ಮುಚ್ಚಿತು. ಅದೇ ಹೊಲಗಳಲ್ಲಿ ಮೆಕ್ಸಿಕೋದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಮದುವೆಗಳಾದವು, ನೂರಾರು. ಆದರೆ ಆಗಿನ ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದಕ್ಕೆ ಕಾನೂನಿನ ತಡೆ ಇತ್ತು. ಲೈಸೆನ್ಸ್‌ಗೆ ಹೋದರೆ ಇಬ್ಬರ ಬಣ್ಣವನ್ನೂ ಬರೆಯಬೇಕು. ಕೌಂಟರ್ ಹಿಂದೆ ಕೂತ ಕ್ಲರ್ಕ್ ಒಮ್ಮೆ ಇವನ ಮುಖ ನೋಡಬೇಕು, ಒಮ್ಮೆ ಅವಳ ಮುಖ. ಇಬ್ಬರೂ ಕಂದು ಅಂತ ಕಂಡರೆ 'ಬ್ರೌನ್', 'ಬ್ರೌನ್' ಅಂತ ಬರೆದು ಲೈಸೆನ್ಸ್. ಹುಡುಗಿ ಸ್ವಲ್ಪ ಬೆಳ್ಳಗೆ ಕಂಡರೆ ತಕರಾರು. ಅಲ್ಲಿ ಸಿಗದೆ ಅರಿಜೋನಾ, ನ್ಯೂ ಮೆಕ್ಸಿಕೋ ತನಕ ಹೋಗಿ ಮದುವೆಯಾದವರೂ ಇದ್ದಾರೆ.

ಅದೇ ರಾಜ್ಯದ ಲಾಸ್ ಏಂಜಲೀಸ್ ಕೌಂಟಿಗೆ ಬನ್ನಿ. ಆಂಡ್ರಿಯಾ ಪೆರೆಜ್ ಮೆಕ್ಸಿಕನ್ ಮೂಲದ ಹುಡುಗಿ, ಸಿಲ್ವೆಸ್ಟರ್ ಡೇವಿಸ್ ಕಪ್ಪು ಹುಡುಗ. ಅರ್ಜಿಯಲ್ಲಿ ಅವಳು ಬಿಳಿ, ಅವನು ನೀಗ್ರೋ ಅಂತ ಬರೆದಿತ್ತು. ಕ್ಲರ್ಕ್ ಲೈಸೆನ್ಸ್ ಕೊಡಲಿಲ್ಲ. ಗಮನಿಸಿ, ಪಂಜಾಬಿ ರೈತನ ಪಕ್ಕ ನಿಂತಾಗ ಮೆಕ್ಸಿಕನ್ ಹುಡುಗಿ ಕಂದು, ಡೇವಿಸ್ ಪಕ್ಕ ನಿಂತಾಗ ಬಿಳಿ! ಅವರಿಬ್ಬರೂ ಸುಮ್ನೆ ಮನೆಗೆ ಹೋಗಲಿಲ್ಲ, ಕೋರ್ಟಿಗೆ ಹೋದರು. 1948ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಹೊಡೆದುಹಾಕಿತು. ಇಡೀ ದೇಶದಲ್ಲಿ ಇಂಥ ಕಾನೂನುಗಳು ಬಿದ್ದಿದ್ದು 1967ರಲ್ಲಿ, ವರ್ಜೀನಿಯಾದ ಲವಿಂಗ್ ದಂಪತಿಯ ಕೇಸಿನಲ್ಲಿ. 2015ರಲ್ಲಿ ಕೆಂಟಕಿಯ ರೋವನ್ ಕೌಂಟಿ ಕ್ಲರ್ಕ್ ಕಿಮ್ ಡೇವಿಸ್, ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳಿಗೆ ಲೈಸೆನ್ಸ್ ಕೊಡಲ್ಲ ಅಂತ ಕೂತಿದ್ದು ನೆನಪಿರಬಹುದು. ಅವರನ್ನು ಐದು ದಿನ ಜೈಲಿನಲ್ಲಿಟ್ಟರು. ಕೌಂಟಿ ಕ್ಲರ್ಕ್ ಇಲ್ಲಿ ಓಟು ಹಾಕಿ ಆರಿಸುವ ಹುದ್ದೆ. ಬ್ಯಾಲೆಟ್‌ನ ಕೆಳಗಿನ ಸಾಲು ಅಂತ ನಮ್ಮ ಸಿಟಿಜನ್‌ಗಳು ಅದನ್ನು ಖಾಲಿ ಬಿಟ್ಟು ಬರುತ್ತಾರೆ, ನನಗೆ ಅದೇ ಸಿಟ್ಟು.

ಆ ಪಂಜಾಬಿಗಳ ಮದುವೆ ವಿಷಯ ಇವತ್ತು ನಮಗೆ ಗೊತ್ತಾಗಿರುವುದರಲ್ಲಿ ಕೌಂಟಿಗಳ ಪುಸ್ತಕಗಳ ಪಾಲು ದೊಡ್ಡದು. ಸಂಶೋಧಕರು ಕೋರ್ಟ್‌ಹೌಸ್‌ಗಳಲ್ಲಿ ಕೂತು ಹಾಳೆ ತಿರುಗಿಸಿ, ಸಿಂಗ್, ಖಾನ್, ರಾಮ್ ಅನ್ನುವ ಹೆಸರುಗಳನ್ನು ಹೆಕ್ಕಿದರು. ಅನ್ಯಾಯಕ್ಕೆ ಬಳಸಿದ ಪುಸ್ತಕವೇ ಅನ್ಯಾಯಕ್ಕೆ ಸಾಕ್ಷಿಯೂ ಆಯಿತು. ಅದಕ್ಕೇ ಮದುವೆ ದಾಖಲೆ ಎಲ್ಲರಿಗೂ ತೆರೆದಿರಬೇಕು ಅನ್ನುವ ಪಕ್ಷ ನನ್ನದು. ಟೆಕ್ಸಸ್‌ನಲ್ಲಿ ತೆರೆದೇ ಇದೆ, ಬಹಳಷ್ಟು ಕೌಂಟಿಗಳಲ್ಲಿ ಹೆಸರು ಹಾಕಿ ಮನೆಯಿಂದಲೇ ಹುಡುಕಬಹುದು. "ಅಯ್ಯೋ, ಯಾರು ಬೇಕಾದ್ರೂ ನೋಡಬಹುದಾ?" ಅಂತ ಗಾಬರಿಯಾಗುವವರಿಗೆ ನನ್ನ ಉತ್ತರ: ಐನೂರು ಜನರನ್ನು ಕರೆದು ಊಟ ಹಾಕಿದ್ದೀರಿ, ಗುಟ್ಟೇನು ಬಂತು? ಕ್ಯಾಲಿಫೋರ್ನಿಯಾದಲ್ಲಿ ಗುಟ್ಟಿನ ಲೈಸೆನ್ಸ್ ಅಂತಲೇ ಒಂದು ಬಗೆ ಇದೆ, ಅದರ ಕಾಪಿ ಗಂಡ ಹೆಂಡತಿಗೆ ಬಿಟ್ಟು ಬೇರೆಯವರಿಗೆ ಕೋರ್ಟ್ ಆದೇಶ ಇಲ್ಲದೆ ಸಿಗುವುದಿಲ್ಲ. ಬೇಕಾದವರಿಗೆ ಆ ದಾರಿ ಇರಲಿ.

ಭಾರತದಲ್ಲಿ ಮದುವೆಯಾಗಿ ಬಂದವರು ಇಲ್ಲಿನ ಕೌಂಟಿಯಲ್ಲಿ ರಿಜಿಸ್ಟರ್ ಮಾಡಿಸೋಣ ಅಂತ ಹೊರಡುವುದೂ ಉಂಟು. ಆ ಮದುವೆಯ ಸರ್ಟಿಫಿಕೇಟ್ ಬರಬೇಕಾದ್ದು ಅಲ್ಲಿನ ಸಬ್ ರಿಜಿಸ್ಟ್ರಾರ್ ಆಫೀಸಿಂದಲೇ. ಇಲ್ಲಿ ಆದವರಿಗೆ ಒಂದು ಮಾತು: ಸರ್ಟಿಫೈಡ್ ಕಾಪಿ ಒಂದೆರಡು ಜಾಸ್ತಿಯೇ ತೆಗೆಸಿಡಿ. ನಾಳೆ ಗಂಡನಿಗೋ ಹೆಂಡತಿಗೋ ಮದುವೆ ಆಧಾರದ ಮೇಲೆ ಓಸಿಐ (ಭಾರತದ ಸಾಗರೋತ್ತರ ನಾಗರಿಕ ಕಾರ್ಡ್) ಮಾಡಿಸಬೇಕು ಅಂದರೆ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶಕ್ಕೆ ದೃಢಪಡಿಸುವ ಪತ್ರ, ಕೇಳುತ್ತಾರೆ. ಅದನ್ನು ಕೊಡುವುದು ಕೌಂಟಿ ಅಲ್ಲ, ಆಸ್ಟಿನ್‌ನಲ್ಲಿರುವ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸು. ಮೊದಲು ಕೌಂಟಿಯ ಕಾಪಿ, ಆಮೇಲೆ ಆಸ್ಟಿನ್, ಇದೇ ಕ್ರಮ.

ಹುಡುಕುವಾಗ ನಮ್ಮವರಿಗೇ ಬರುವ ಒಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದವರ ಹೆಸರು ಅಮೆರಿಕದ ವೀಸಾದಲ್ಲಿ ತಿರುವುಮುರುವಾಗುತ್ತದೆ. ಇಟ್ಟ ಹೆಸರು ಸರ್‌ನೇಮ್ ಜಾಗಕ್ಕೆ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು', ಅಂದರೆ 'ಫಸ್ಟ್ ನೇಮ್ ಅನ್‌ನೋನ್' (ಮೊದಲ ಹೆಸರು ಗೊತ್ತಿಲ್ಲ). ಲೈಸೆನ್ಸ್ ಕೂಡ ಹಾಗೇ ಆಗಿರಬಹುದು. ಮನೆಯಲ್ಲಿ ಕರೆಯುವ ಹಾಗೆ ಅಪ್ಪನ ಹೆಸರು ಸೇರಿಸಿ ಹುಡುಕಿದರೆ ಸಿಗುವುದಿಲ್ಲ. ಆಗ ಇಟ್ಟ ಹೆಸರನ್ನೇ ಸರ್‌ನೇಮ್ ಕಾಲಂನಲ್ಲಿ ಹಾಕಿ ನೋಡಿ. ಆಗಲೂ ಸಿಗದಿದ್ದರೆ ಹುಡುಗಿಯ ಮದುವೆಗೆ ಮುಂಚಿನ ಹೆಸರಲ್ಲಿ ಹುಡುಕಿ.