ಐಸಿಯುನಲ್ಲಿ ಸಿಪಿಆರ್ ಮಾಡಿದ್ರೆ ಬಹುತೇಕ ಎಲ್ರೂ ಬದುಕ್ತಾರಾ? ಒಂದು ಸ್ಪಷ್ಟನೆ
ಐಸಿಯುನಲ್ಲಿ ಹಾರ್ಟ್ ನಿಂತ್ರೆ ಡಾಕ್ಟ್ರು ಪಕ್ಕದಲ್ಲೇ ಇರ್ತಾರೆ, ಸಿಪಿಆರ್ (ನಿಂತ ಹೃದಯ ಮತ್ತೆ ಓಡ್ಲಿ ಅಂತ ಎದೆ ಒತ್ತೋದು) ಮಾಡಿದ್ರೆ 10ರಲ್ಲಿ 9 ಜನ ಉಳೀತಾರೆ ಅಂತ ಒಂದು ಮೆಸೇಜ್ ಓಡಾಡ್ತಿದೆ. ಇದು ತಪ್ಪು. ಅಮೆರಿಕದ ಆಸ್ಪತ್ರೆಗಳ ದಾಖಲೆಯಲ್ಲಿದ್ದ, ಹಾರ್ಟ್ ನಿಂತು ಸಿಪಿಆರ್ ಮಾಡಿಸ್ಕೊಂಡ ಸುಮಾರು 50 ಸಾವಿರ ಐಸಿಯು ರೋಗಿಗಳ ಲೆಕ್ಕ 2010ರಲ್ಲಿ ಬಂತು, ಅದ್ರಲ್ಲಿ ಬದುಕಿ ಡಿಸ್ಚಾರ್ಜ್ ಆಗಿ ಹೋದವ್ರು ಶೇ. 16ರಷ್ಟು ಮಾತ್ರ, ಬಿಪಿ ಏರಿಸೋ ಔಷಧಿ ಮೊದ್ಲೇ ಓಡ್ತಿದ್ದವ್ರಲ್ಲಂತೂ ಶೇ. 9ರಷ್ಟು.

ಯಾಕೆ ಅಂದ್ರೆ ಅಲ್ಲಿ ಹೃದಯ ಸುಮ್ನೆ ನಿಲ್ಲಲ್ಲ, ಸೋಂಕು, ಕಿಡ್ನಿ ಫೇಲ್, ಶ್ವಾಸಕೋಶದ ತೊಂದ್ರೆ ಎಲ್ಲ ಸೇರಿ ಮೈ ಆಗ್ಲೇ ಸೋತಿರುತ್ತೆ, ಎದೆ ಒತ್ತಿ ನಾಡಿ ವಾಪಸ್ ತಂದ್ರೂ ಆ ಮೂಲ ಕಾಯಿಲೆ ಹಾಗೇ ಇರುತ್ತೆ. ನಾಡಿ ಬಂತು ಅನ್ನೋದೇ ಬೇರೆ, ಮನೆಗೆ ಹೋಗೋದೇ ಬೇರೆ, ಮೆದುಳು ಚೆನ್ನಾಗಿರೋದು ಇನ್ನೂ ಬೇರೆ.

ಹಾಗಂತ ಸಿಪಿಆರ್ ವೇಸ್ಟ್ ಅಂತ ಅಲ್ವೇ ಅಲ್ಲ. ಕರೆಂಟ್ ಶಾಕ್ ಕೊಟ್ರೆ ಸರಿಹೋಗೋ ಥರ ಹೃದಯ ಬಡಿತದ ಲಯ ಕೆಟ್ಟಿದ್ದವ್ರಲ್ಲಿ ಬದುಕೋರು ಜಾಸ್ತಿ. ಸಿಪಿಆರ್ ಬೇಡ ಅಂತ ಬರೆಸಿದ್ರೆ ಟ್ರೀಟ್‌ಮೆಂಟೇ ನಿಲ್ಲಿಸ್ತಾರೆ ಅನ್ನೋದೂ ಸುಳ್ಳು, ಆ ನಿರ್ಧಾರ ಸಿಪಿಆರ್‌ಗೆ ಮಾತ್ರ, ಔಷಧಿ ಆರೈಕೆ ಮುಂದುವರಿಯುತ್ತೆ. ದಯವಿಟ್ಟು ನಿಮ್ಮವ್ರು ಐಸಿಯುನಲ್ಲಿದ್ರೆ ಮೆಸೇಜ್ ನಂಬ್ಬೇಡಿ, ಈ ರೋಗಿಗೆ ಎಷ್ಟು ಚಾನ್ಸ್ ಇದೆ ಅಂತ ಅಲ್ಲಿನ ಡಾಕ್ಟ್ರನ್ನೇ ನೇರವಾಗಿ ಕೇಳಿ.